ನಾಲ್ಕನೆಯ ಅಧ್ಯಾಯದ ತಕರಾರು

ಗುರುಗಳ ತಪ್ಪನ್ನು ಎತ್ತಿ ಆಡಬಾರದು ಅನ್ನುವ ಸಂಸ್ಕಾರ ತ್ರಿಪುರಸುಂದರಿಗೆ ಮೈಸೂರಿನಿಂದ ಬಂದದ್ದು. ನ್ಯೂಜೆರ್ಸಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷ ತತ್ತ್ವಶಾಸ್ತ್ರದ ಪಾಠ ಹೇಳಿದರೂ ಅದು ಬಿಡಲಿಲ್ಲ. ಹಾಳಾದದ್ದು, ಬಿಡಬೇಕಾದ ಹೊತ್ತಿಗೇ ಗಟ್ಟಿಯಾಗಿ ಕಚ್ಚಿಕೊಂಡಿತು.

ಪಿಎಚ್‌ಡಿಗೆ ಅವಳ ಗುರುವಾಗಿದ್ದವರು ಫ್ರಾನ್ಸಿನ ತತ್ತ್ವಜ್ಞಾನಿ ಮೊರ್ವಾಲ್. ಕ್ಷಮೆಯ ಬಗ್ಗೆ ಅವರು ಬರೆದದ್ದನ್ನು ಓದದೆ ಈಗ ಯಾರೂ ಆ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ. ಹೊಗಳುಭಟ್ಟರು ಸುತ್ತ ಬೇಕಾದಷ್ಟಿದ್ದರು. ಕೊನೆಯ ಪುಸ್ತಕದ ಕರಡನ್ನು ಮಾತ್ರ ಅವರು ಕಳಿಸಿದ್ದು ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿದ್ದ ಇವಳ ಮನೆಗೆ. 'ಎಲ್ಲಿ ಎಡವಿದ್ದೇನೆ, ಹೇಳು' ಎಂದು ಜೊತೆಗೊಂದು ಸಾಲು.

ನಾಲ್ಕನೆಯ ಅಧ್ಯಾಯದಲ್ಲಿ ಎಡವಿದ್ದರು. ನೊಂದವರು ಮಾತ್ರವೇ ಕ್ಷಮಿಸಬಲ್ಲರು ಎಂದಿದ್ದರು. ನೊಂದವರು ತೀರಿಹೋಗಿದ್ದರೆ ಏನು ಗತಿ ಎಂಬುದಕ್ಕೆ ಒಂದಕ್ಷರವಿಲ್ಲ. ತ್ರಿಪುರಸುಂದರಿ ಮೂರು ಪುಟ ತಕರಾರು ಬರೆದಳು.

"ಕಳ್ಸೇ, ನುಂಗ್ಬಿಡ್ತಾರಾ? ಅವರೇ ಕೇಳಿದಾರಲ್ಲ" ಎಂದ ಗಂಡ ಕೃಷ್ಣಸ್ವಾಮಿ.

"ಎಂಬತ್ತೆಂಟು ವರ್ಷ ರೀ ಅವರಿಗೆ. ಗುರುಗಳಿಗೆ ಹೀಗೆಲ್ಲ ಬರೆಯಕ್ಕಾಗತ್ತಾ?"

ಬರೆದದ್ದನ್ನು ಬದಿಗಿಟ್ಟು, 'ಎಲ್ಲವೂ ಅದ್ಭುತ, ಸರ್' ಎಂದು ಇಮೇಲ್ ಕಳಿಸಿದಳು. ಮಹಾ ವಿನಯ! ಆ ಚಳಿಗಾಲದಲ್ಲೇ ಮೊರ್ವಾಲ್ ತೀರಿಕೊಂಡರು.

ನ್ಯೂಯಾರ್ಕಿನಲ್ಲಿ ನಡೆದ ಸ್ಮರಣೆಯ ಸಭೆಗೆ ಪ್ಯಾರಿಸಿನಿಂದ ಅವರ ಮಗಳು ಕ್ಲೇರ್ ಬಂದಿದ್ದಳು. ಭಾಷಣಗಳು ಮುಗಿದು ಎಲ್ಲರೂ ಕಾಫಿಗೆ ನುಗ್ಗಿದಾಗ ಇವಳನ್ನು ಹುಡುಕಿಕೊಂಡು ಬಂದಳು.

"ನಾಲ್ಕನೆಯ ಅಧ್ಯಾಯ ಸರಿಯಿಲ್ಲ ಅಂತ ಅಪ್ಪನಿಗೆ ಅನುಮಾನವಿತ್ತು. ಎಲ್ಲಿ ಅಂತ ತಿಳಿಯಲಿಲ್ಲ. ಸುಂದರಿ ಬಿಡುವವಳಲ್ಲ, ಹಿಡಿದೇ ಹಿಡಿಯುತ್ತಾಳೆ ಅನ್ನುತ್ತಿದ್ದರು. ನಿಮ್ಮ ಇಮೇಲ್ ಬಂದ ದಿನ ಕರಡು ಮುಚ್ಚಿಟ್ಟವರು ಮತ್ತೆ ತೆರೆಯಲೇ ಇಲ್ಲ. ನಿಜಕ್ಕೂ ನಿಮಗೇನೂ ಕಾಣಲಿಲ್ಲವೇ?"

ತ್ರಿಪುರಸುಂದರಿಗೆ ಆಗ ತಿಳಿಯಿತು. ಮುದಿಜೀವವನ್ನು ನೋಯಿಸಬಾರದೆಂದು ಸುಳ್ಳು ಹೇಳಿ, ಅವರ ಕೊನೆಯ ಕೆಲಸಕ್ಕೇ ಕಲ್ಲು ಹಾಕಿದ್ದಳು. ಇನ್ನಾದರೂ ಸುಳ್ಳು ಬೇಡವೆನಿಸಿತು.

"ಕಂಡಿತ್ತು" ಎಂದಳು. ಕಾಫಿ ಹಿಡಿದವರ ಗದ್ದಲದ ನಡುವೆಯೇ ನಿಂತು, ನುಂಗಿಕೊಂಡಿದ್ದ ತಕರಾರನ್ನು ಹೇಳಿದಳು. "ನೋಯಿಸಿದವರು ಕ್ಷಮೆ ಕೇಳಲು ಬರುವಷ್ಟರಲ್ಲಿ ನೊಂದವರು ಸತ್ತೇಹೋಗಿದ್ದರೆ, ಯಾರನ್ನು ಕೇಳಬೇಕು?" ಹೇಳಿದ ಮೇಲೆ ಅವಳಿಗೇ ಹೊಳೆಯಿತು, ಅದೀಗ ತನ್ನದೇ ಪ್ರಶ್ನೆ.



"ಅಪ್ಪನನ್ನು ಕೇಳಿದ್ದರೆ ಏನಾದರೂ ಹೇಳುತ್ತಿದ್ದರು" ಎಂದಳು ಕ್ಲೇರ್. "ನನಗೆ ಗೊತ್ತಿಲ್ಲ."