ಎಂಬತ್ತನಾಲ್ಕು ಹೆಸರುಗಳು

ಧ್ವನಿ ನಡುಗದಿದ್ದರೆ ಸಾಕು, ಮೈಕು ತುಟಿಗೆ ಇಷ್ಟು ಹತ್ತಿರವಿದ್ದರೆ ಉಸಿರೂ ಕೇಳಿಸುತ್ತದೆ, ಹಿಂದಿನ ಬೆಂಚಿನವರು ನಗುತ್ತಾರೆ, ಇದೊಂದೇ ಚಿಂತೆ ಎಂದು ಟೀಚರ್ ಇಟಾ ಬೆಳಗ್ಗೆ ಡೈರಿಯಲ್ಲೂ ಬರೆದಿದ್ದಳು — ಡೈರಿಗೂ ಸುಳ್ಳು ಹೇಳುವವಳು ತಾನು, ಚಿಂತೆ ಧ್ವನಿಯದಲ್ಲ, ಚಿಂತೆ ಅಗೋ ಶಾಲೆಯ ಪ್ರಾರ್ಥನಾಲಯದ ಮೂರನೇ ಸಾಲಿನಲ್ಲಿ ಕೋಟಿನ ಒಂದು ಗುಂಡಿಯನ್ನೂ ಬಿಚ್ಚದೆ ಕೂತಿದೆ, ಹಲಾಳ ಅಮ್ಮ, ಪಕ್ಕದಲ್ಲಿ ಹದಿಮೂರರ ಹಲಾ, ಸಿರಿಯಾದಿಂದ ಬಂದು ಆರು ವರ್ಷವಾದರೂ ಅಮ್ಮನಿಗೆ ಇಲ್ಲಿನ ಮಾತು ಅಷ್ಟಾಗಿ ಹತ್ತಿಲ್ಲ, ಸತ್ತವರ ಒಂದೊಂದು ಹೆಸರು ಓದಿ ಮುಗಿದಾಗಲೂ ಮಗಳ ಕಡೆ ತಿರುಗುತ್ತಾಳೆ, ಮಗಳು ತಲೆ ಅಲ್ಲಾಡಿಸುತ್ತಾಳೆ, ಇನ್ನೂ ಇಲ್ಲ. ಮಾರ್ಟಿನ್ ವಾಲ್ಡ್ರನ್. ಇನ್ನೂ ಇಲ್ಲ. ಡೀಲಿಯಾ ಫ್ರೀಲಿ. ಇನ್ನೂ ಇಲ್ಲ. ಇಲ್ಲವೇ ಇಲ್ಲ ಎಂದು ಗೊತ್ತಿರುವುದು ಈ ಕೋಣೆಯಲ್ಲಿ ಒಬ್ಬಳಿಗೆ, ಪಟ್ಟಿ ಟೈಪ್ ಮಾಡಿದವಳಿಗೆ, ಓದುತ್ತಿರುವವಳಿಗೆ.

ನವೆಂಬರ್ ಬಂತೆಂದರೆ, ಪ್ರಾರ್ಥನೆಯಲ್ಲಿ ಓದಲೆಂದು, ಮನೆಮನೆಯಿಂದ ಸತ್ತವರ ಹೆಸರು ಬರೆದ ಲಕೋಟೆಗಳು ಹೊರಡುತ್ತವೆ, ಚರ್ಚಿಗೊಂದು, ಶಾಲೆಗೊಂದು, ಈ ವರ್ಷ ಸರ್ವಧರ್ಮ ವಾರವೂ ಜೊತೆಗೇ ಬಿತ್ತು, ಎಲ್ಲರಿಗೂ ಸ್ವಾಗತ ಎಂದು ಬಣ್ಣದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದು ಇಟಾಳೇ, ಹಲಾ ತಂದ ಖರ್ಜೂರದ ತಟ್ಟೆಗೆ ಶಾಲೆಯ ಹಿರಿಯ ಸನ್ಯಾಸಿನಿ ಸಿಸ್ಟರ್ ಕಾನ್ಸಿಲಿಯೊ ಮೂರನೇ ಸಲ ಕೈ ಹಾಕುತ್ತಾ, ನನ್ನ ಸಕ್ಕರೆ ಕಾಯಿಲೆ ಬಿಟ್ರೆ ಇದಕ್ಕೆ ಇನ್ಯಾವ ಧರ್ಮದ ಅಡ್ಡಿಯೂ ಇಲ್ಲ ಕಣೇ, ಎಂದು ನಕ್ಕಿದ್ದರು, ಅದೇ ದಿನ ಕಾರಿಡಾರಿನಲ್ಲಿ ಹಲಾ, ಮಿಸ್, ನಮ್ಮಣ್ಣನ ಹೆಸರೂ ಓದ್ತೀರಾ, ಅವನನ್ನ ಮಣ್ಣು ಮಾಡಿದ್ದು ಡಬ್ಲಿನ್‌ನಲ್ಲಿ, ನಮ್ಮೋರ ಜಾಗ ಇರೋದು ಅಲ್ಲೇ, ಬಸ್ಸಲ್ಲಿ ನಾಲ್ಕು ಗಂಟೆ, ಅಮ್ಮಂಗೆ ಹೋಗಕ್ಕಾಗಲ್ಲ, ಈ ಊರಲ್ಲಿ ಅವನ ಹೆಸರು ಎಲ್ಲೂ ಇಲ್ಲ ಮಿಸ್. ನೋಡ್ತೀನಿ ಪುಟ್ಟಾ. ನೋಡ್ತೀನಿ, ಅಷ್ಟೇ, ಹೆಸರು ಬರೆದ ಚೀಟಿ ಇಸಿದುಕೊಂಡಳು, ಡೈರಿಯೊಳಗಿಟ್ಟಳು, ಮುಸ್ಲಿಂ ಹುಡುಗನ ಹೆಸರು ನಮ್ಮ ಶಿಲುಬೆಯ ಕೆಳಗೆ, ಯಾರಾದರೂ ಪೋಷಕರು ಫೋನು ಮಾಡಿದರೆ, ಅವಳ ಮನೆಯವರೇ ನೊಂದುಕೊಂಡರೆ, ಸಿಸ್ಟರನ್ನು ಒಂದು ಮಾತು ಕೇಳಬೇಕು, ನಾಳೆ ಕೇಳೋಣ, ನಾಳೆ — ಶುಕ್ರವಾರ ಪಟ್ಟಿ ಅಚ್ಚಾಯಿತು, ಚೀಟಿ ಡೈರಿಯ ಹಾಳೆಗಳ ನಡುವೆಯೇ ಉಳಿಯಿತು. ಬೇಡ ಅಂದವರು ಯಾರೂ ಇಲ್ಲ. ಯಾರನ್ನೂ ಕೇಳಿದ್ದೇ ಇಲ್ಲ.

ಟಾಮ್ ಕೊಯ್ನ್, ನೋರಾ ಮುಲಾರ್ಕಿ, ಅರವತ್ತು ದಾಟಿತು, ನಿನ್ನ ಧ್ವನಿ ಇಲಿ ಕೆಮ್ಮಿದ ಹಾಗಿದೆ ಅಂತಿದ್ದಳು ಅಜ್ಜಿ, ಇವಳದೇ ಹೆಸರಿನ ಅಜ್ಜಿ, ನವೆಂಬರಿನ ಹಾಳೆಯಲ್ಲಿ ಹತ್ತು ಹೆಸರು ಬರೆದು ಕೆಳಗೊಂದು ಖಾಲಿ ಗೆರೆ ಎಳೆಯುತ್ತಿದ್ದಳು, ಇದ್ಯಾರಜ್ಜಿ, ಸುಮ್ನಿರೇ, ದೇವರಿಗೆ ಗೊತ್ತು — ಹೆಸರಿಡುವ ಜ್ಞಾನಸ್ನಾನಕ್ಕೆ ಮೊದಲೇ ಉಸಿರು ನಿಂತ ಅಜ್ಜಿಯ ಮಗು, ಚರ್ಚಿನ ಮಣ್ಣಿನಲ್ಲಿ ಜಾಗವಿಲ್ಲ ಅಂದರಂತೆ ಆಗಿನ ಪಾದ್ರಿ, ತಾತ ಅದನ್ನು ಸೋಪಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊಲದ ಅಂಚಿಗೆ ಒಬ್ಬನೇ ನಡೆದ, ಹೆಸರಿಡಲೂ ಬಿಡಲಿಲ್ಲ ಯಾರೂ, ಇದು ಗೊತ್ತಾದಾಗ ಇಟಾಗೆ ಹನ್ನೊಂದು ವರ್ಷ, ಆ ಪಾದ್ರಿಯನ್ನು ಡೈರಿಯಲ್ಲಿ ಎರಡು ಪುಟ ಬೈದಿದ್ದಳು, ಆತನಾದರೂ ಬಾಗಿಲಲ್ಲಿ ನಿಂತು ಮುಖ ನೋಡಿ ಇಲ್ಲ ಅಂದ, ತಾನು ಪುಟ್ಟಾ ಅಂದಳು, ನಕ್ಕಳು, ಖರ್ಜೂರ ತಿಂದಳು.

ಎಂಬತ್ತಮೂರು. ಆ ಅಮ್ಮ ತಿರುಗಿದಳು, ಹುಡುಗಿ ತಲೆ ಅಲ್ಲಾಡಿಸಿದಳು, ಇನ್ನೂ ಇಲ್ಲ. ಎಂಬತ್ತನಾಲ್ಕು, ಬ್ರೆಂಡನ್ ಕಿಲ್‌ಗ್ಯಾರಿಫ್, ಕೆಳಗೆ ಬಿಳಿ ಹಾಳೆ, ಆಯ್ತಲ್ಲ, ಬಾ ಮಗಳೇ ಕೂತ್ಕೋ ಎಂದು ಸಿಸ್ಟರ್ ಬೆಂಚು ತಟ್ಟುತ್ತಿದ್ದಾರೆ, ಬೆಂಚು ನಾಲ್ಕೇ ಹೆಜ್ಜೆ, ಹೋಗಿ ಕೂತರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ಹಲಾ ಕೇಳಿದರೆ ಮರೆತುಹೋಯಿತು ಅನ್ನಬಹುದು — ಅಮ್ಮ ಮಗಳ ಕಡೆ ತಿರುಗಿದ್ದಾಳೆ, ಮಗಳು ಈ ಸಲ ತಲೆ ಅಲ್ಲಾಡಿಸಲಿಲ್ಲ, ನೆಲ ನೋಡುತ್ತಿದ್ದಾಳೆ, ಅಮ್ಮ ಇನ್ನೂ ತಿರುಗಿಯೇ ಇದ್ದಾಳೆ, ಇನ್ನೂ ಕಾಯುತ್ತಿದ್ದಾಳೆ, ಅಲ್ಲಾಡದ ಆ ತಲೆ, ಅಲ್ಲಾಡದ ಆ ತಲೆ —

"ಅನಸ್ ಹಮ್ದಾನ್," ಎಂದಳು ಇಟಾ ಮೈಕಿನಲ್ಲಿ. "ಹಲಾಳ ಅಣ್ಣ. ಅವಳು ಬರೆದು ಕೊಟ್ಟಿದ್ಳು. ಹೆದರ್ಕೊಂಡು ಬಿಟ್ಟಿದ್ದು ನಾನು."