ಶಿವರಂಜನಿಯ ಕಂಪ್ಯೂಟರನ್ನು ಯಾರು ಆರಿಸಬೇಕು?

ಮಾಂಬಳ್ಳಿಯ ಪುಟ್ಟಮಲ್ಲಪ್ಪನವರು ಮೊಮ್ಮಗಳಿಗೆ ಕಂಪ್ಯೂಟರ್ ತರುವ ವಿಚಾರವನ್ನು ಎಲ್ಲರ ಹತ್ತಿರವೂ ಕೇಳಿದರು. ನೆಂಟರನ್ನು ಕೇಳಿದರು, ಕೊಳ್ಳೇಗಾಲದ ಅಂಗಡಿಯವನನ್ನು ಕೇಳಿದರು. ಕೊನೆಗೆ ಗುಡಿಗೆ ಹೋಗಿ ದೇವರ ಮುಂದೆ ನಿಂತು ಹೂ ಕೇಳಿದರು. ಬಲಗಡೆಯ ಹೂ ಬಿತ್ತು, ಅಂದರೆ ಅಪ್ಪಣೆಯಾಯಿತು. ಅವರು ಕೇಳದೆ ಬಿಟ್ಟದ್ದು ಒಬ್ಬಳನ್ನೇ, ಮೊಮ್ಮಗಳು ಶಿವರಂಜನಿಯನ್ನು.

ಶಿವರಂಜನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅದು 2003ನೇ ಇಸವಿ. ಅವಳು ಕೊಳ್ಳೇಗಾಲದಲ್ಲಿ ಪಿ.ಯು.ಸಿ. ಓದುತ್ತಿದ್ದಳು. ತರಗತಿಯಲ್ಲಿ ಪಕ್ಕ ಕೂತು ನೋಟ್ಸ್ ಬರೆದು, ಆಮೇಲೆ ಓದಿ ಹೇಳುತ್ತಿದ್ದವಳು ಗೆಳತಿ ದೀಪ. ಈಗ ದೀಪಳಿಗೆ ಮದುವೆ ಗೊತ್ತಾಗಿತ್ತು. ಇನ್ನು ತಾನೇ ಬರೆದು ತಾನೇ ಓದಿಕೊಳ್ಳಬೇಕು, ಇಲ್ಲವೇ ಕಾಲೇಜು ಬಿಡಬೇಕು.

"ದೊಡ್ಡ ಕಂಪ್ಯೂಟರ್ರೇ ತತ್ತೀನಿ ಕಣವ್ವ, ಟೀವಿ ಅಂಗಿರೋದು. ಪಡಸಾಲೇಲಿ ಮಡುಗಿದ್ರೆ ಬಂದೋರೆಲ್ಲ ನೋಡ್ಬೇಕು" ಎಂದರು ತಾತ.

"ತಾತ, ನಂಗೆ ಮಡಚೋ ಲ್ಯಾಪ್‌ಟಾಪ್ ಬೇಕು. ಮೈಸೂರಲ್ಲಿ ಕಣ್ಣು ಕಾಣ್ದೋರ ತರಬೇತೀಲಿ ಅದ್ರಲ್ಲೇ ಕಲ್ತಿದ್ದು."

"ಸುಮ್ಕಿರು. ಪುಸ್ತಕದಷ್ಟಗಲ ಅದೆ ಅದು. ಬಸ್ನಲ್ಲಿ ಯಾರಾರ ಕಿತ್ಕಂಡ್ರೆ ಏನ್ ಮಾಡೀಯೆ? ಕಣ್ಣಿಲ್ದ ಮಗೀಗೆ ಏನ್ ಗೊತ್ತಾದದು?"

ಶಿವರಂಜನಿಗೆ ಅಳು ಬಂತು. ಬಸ್ಸಿನ ಮಾತಿಗಲ್ಲ, ಕೊನೆಯ ಮಾತಿಗೆ.

ಪಕ್ಕದ ಮನೆಯ ಚನ್ನಾಜಮ್ಮ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. ಅವರು ಮಹಿಳಾ ಸಂಘದ ಮುಂದಾಳು. ಮನಸ್ಸಿಗೆ ಬಂದದ್ದನ್ನು ನುಂಗಿಕೊಂಡು ಅಭ್ಯಾಸವಿಲ್ಲ.

"ಅಣ್ಣ, ಮೊನ್ನೆ ಎತ್ತು ತಂದ್ರಲ್ಲ, ನೊಗಕ್ಕೆ ಊಡಿ ನೋಡ್ದೆ ತಂದ್ರಾ?"

"ಅದೆಂಗಾದದು? ನೊಗ ಕಟ್ಟಿ ಒಂದು ಸಾಲು ಒಡ್ದೇ ತಂದದ್ದು."

"ಊಡಿ ನೋಡಿದ್ದು ಯಾರು, ನಿಮ್ಮ ನೆಂಟ್ರಾ?"

"ನಾನೇ ಕಣವ್ವ. ಉಳೋನು ನಾನಲ್ವಾ?"

"ಅಂಗಾದ್ರೆ ಈ ಕಂಪ್ಯೂಟರ್ ಊಡೋರು ಯಾರು?"

ಪುಟ್ಟಮಲ್ಲಪ್ಪನವರು ಮೀಸೆ ತಡವಿಕೊಂಡರು. "ದೇವ್ರೇ ಊವು ಕೊಟ್ಟದಲ್ಲ" ಎಂದು ಗೊಣಗಿದರು.

"ಏನಂತ ಕೇಳಿದ್ರಿ ದೇವ್ರ?"

"ಮಗೀಗೆ ಕಂಪ್ಯೂಟರ್ ತರ್ಲಾ ಅಂತ."

"ತನ್ನಿ ಅಂದದೆ. ಯಾವ್ದು ಅನ್ನೋದ ಮಗೀನೇ ಕೇಳಿ."

ಮಾರನೆಯ ದಿನ ಚನ್ನಾಜಮ್ಮನೂ ಸೇರಿ ಮೂವರೂ ಕೊಳ್ಳೇಗಾಲಕ್ಕೆ ಹೋದರು. ಅಂಗಡಿಯವನು ದೊಡ್ಡ ಕಂಪ್ಯೂಟರಿನ ಮುಂದೆ ಕೂರಿಸಿ ಮೌಸನ್ನು ಶಿವರಂಜನಿಯ ಕೈಗೆ ಕೊಟ್ಟ. ಅವಳು ಅದನ್ನು ಮೆಲ್ಲನೆ ಪಕ್ಕಕ್ಕಿಟ್ಟು, ತರಬೇತಿಯಲ್ಲಿ ಕೊಟ್ಟಿದ್ದ, ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ಸಿ.ಡಿ. ಹಾಕಿಸಿದಳು. ಕೀಲಿ ಒತ್ತಿದಂತೆ ಕಂಪ್ಯೂಟರ್ ಅಕ್ಷರಗಳನ್ನು ಜೋರಾಗಿ ಹೇಳತೊಡಗಿತು.

"ನೋಡ್ದಾ, ದೊಡ್ಡದೂ ಮಾತಾಡ್ತದೆ!" ತಾತನಿಗೆ ಗೆದ್ದಷ್ಟು ಖುಷಿ.

"ಮಾತಾಡ್ತದೆ ತಾತ. ಆದ್ರೆ ಪಾಠ ನಡೆಯೋದು ಕಾಲೇಜಲ್ಲಿ. ಅಲ್ಲಿಗೆ ಇದ ಯಾರು ಒತ್ಕಂಡು ಬತ್ತಾರೆ?"

ಅದೇ ಸಿ.ಡಿ.ಯನ್ನು ಲ್ಯಾಪ್‌ಟಾಪಿಗೂ ಹಾಕಿಸಿ ತೊಡೆಯ ಮೇಲಿಟ್ಟುಕೊಂಡಳು. "ನೀನೇ ಮೇಷ್ಟ್ರು ಅನ್ಕೋ ತಾತ. ಪಾಠ ಯೋಳು."

ತಾತನಿಗೆ ಗೊತ್ತಿದ್ದ ಪಾಠ ಒಂದೇ. "ಎತ್ತು ತರುವಾಗ ಮೊದ್ಲು ಬಾಯಿ ಬುಡ್ಸಿ ಅಲ್ಲು ನೋಡ್ಬೇಕು. ಆಮೇಲೆ ಗೊರಸು. ಆಮೇಲೆ ನಡಿಗೆ..." ಹೇಳುತ್ತಾ ಹೋದರು. ನಡುವೆ ಕರೆಂಟು ಹೋಯಿತು. ದೊಡ್ಡ ಕಂಪ್ಯೂಟರ್ ಕಪ್ಪಾಯಿತು, ಫ್ಯಾನು ನಿಂತಿತು. ಬ್ಯಾಟರಿ ಇದ್ದ ಲ್ಯಾಪ್‌ಟಾಪಿನ ಮೇಲೆ ಶಿವರಂಜನಿಯ ಬೆರಳು ನಿಲ್ಲಲಿಲ್ಲ.

ಬರೆದು ಮುಗಿಸಿ ಓದಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಯಾರೋ ಇಂಗ್ಲಿಷ್ ದೊರೆ ಎತ್ತು ಕೊಳ್ಳಲು ಬಂದಂತಿತ್ತು ಅದರ ಉಚ್ಚಾರ. ಅಂಗಡಿಯವನು ಬಿದ್ದು ಬಿದ್ದು ನಕ್ಕ. ಪುಟ್ಟಮಲ್ಲಪ್ಪನವರು ನಗಲಿಲ್ಲ.

"ಅಲ್ಲು, ಗೊರಸು, ನಡಿಗೆ... ಒಂದೂ ಬುಟ್ಟಿಲ್ಲ ಕಣವ್ವ ನೀನು. ಏನ್ ಗೊತ್ತಾದದು ಅಂದ್ಬುಟ್ಟೆನಲ್ಲ ನಾನು" ಎಂದು ಅವಳ ತಲೆ ಸವರಿದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ಇವಳು ಯಾವ್ದು ಅಂದ್ರೆ ಅದ ಕೊಡಪ್ಪ. ಊಡೋಳು ಅವಳು" ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕಣ್ಣು ಕಾಣದ ಮಗುವಿದ್ದರೆ ಓದಿಸಿ. ಕಂಪ್ಯೂಟರ್ ಕೊಡಿಸುವುದು ನೀವಾಗಲಿ, ಶಾಲೆಯಾಗಲಿ, ಸಂಘವಾಗಲಿ, ಮೊದಲು ಮಗುವಿನ ಕೈಗೆ ಕೊಟ್ಟು ನೋಡಿ. ನೆಂಟರನ್ನೂ ಅಂಗಡಿಯವನನ್ನೂ ಆಮೇಲೆ ಕೇಳಬಹುದು. "ನಿನಗೆ ಯಾವುದು ಬೇಕು?" ಎಂದು ಮಗುವನ್ನು ಇವತ್ತೇ ಕೇಳಿ.