ಕದ್ದು ಚೆಲ್ಲಿದ ಚರಗ

ಅಮೃತಮ್ಮ ಬೆಳಗಿನಿಂದ ಮೂರನೆಯ ಸಲ ಅದೇ ಹತ್ತಡಿ ಕೋಣೆಯನ್ನು ಗುಡಿಸುತ್ತಿದ್ದಳು. ಗುಡಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೆ ಕೈ ಸುಮ್ಮನಾದರೆ ಸಾಕು, ಕಿವಿ ಹೊರಗೆ ಓಡುತ್ತಿತ್ತು. ಹೊರಗೆ ವಠಾರದ ತುಂಬ ಒಂದೇ ಮಾತು. ಓನರ್ ಮುನಿನಾರಾಯಣಪ್ಪನವರ ಹೊಲಕ್ಕೆ ಯಾರೋ ಮಾಟ ಮಾಡಿಸಿದ್ದಾರೆ!

ಮಾಟವಾದರೂ ಎಂಥದ್ದು! ಸಾಲಾಗಿ ಐದು ಕಲ್ಲು, ಐದಕ್ಕೂ ಸುಣ್ಣ, ಸುಣ್ಣದ ಮೇಲೆ ಕುಂಕುಮ. ಹೊಲದ ಸುತ್ತ ಅನ್ನ, ಮುರಿದ ರೊಟ್ಟಿ, ಹಸಿರು ಹಸಿರಾಗಿ ಕಲಸಿದ ಎಂಥದೋ ಮುದ್ದೆ. ಅದೂ ಅಮಾವಾಸ್ಯೆಯ ದಿನ. ಅದೂ ಹೊಲದ ರಿಜಿಸ್ಟ್ರೇಷನ್ನಿಗೆ ಮೂರೇ ದಿನ ಇರುವಾಗ. ಬೆಳಿಗ್ಗೆ ಕೊಳ್ಳುವವರ ಕಡೆಯವನಿಗೆ ಗಡಿಕಲ್ಲು ತೋರಿಸಲು ಹೋದ ಮುನಿನಾರಾಯಣಪ್ಪ ಅದನ್ನು ಕಂಡು ಮನೆಗೆ ಓಡಿಬಂದ. ಬಂದವನು ಎರಡು ಚೊಂಬು ನೀರು ಕುಡಿದರೂ ನಡುಕ ನಿಂತಿರಲಿಲ್ಲವಂತೆ.

ಮಾಡಿದವಳು ಅಮೃತಮ್ಮ. ಮಾಟವನ್ನಲ್ಲ ಮಹರಾಯರೇ, ಹಬ್ಬವನ್ನು!

ಅವಳ ಊರು ಕಲಬುರಗಿ ಸೀಮೆಯ ಆಳಂದದ ಕಡೆ. ಅಲ್ಲಿ ಎಳ್ಳಮಾವಾಸ್ಯೆ ಎಂದರೆ ಹೊಲಕ್ಕೆ ಊಟ ಹಾಕುವ ದಿನ. ಪೈರು ತುಂಬಿ ನಿಂತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಪಾಂಡವರೆಂದು ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜಿಸುತ್ತಾರೆ. ನಡುಹಗಲಿನಲ್ಲಿ ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ಸುತ್ತ ಅನ್ನ, ರೊಟ್ಟಿ, ಸೊಪ್ಪು ಕಾಳು ಬೇಯಿಸಿ ಕಲಸಿದ ಭಜ್ಜಿ ಚೆಲ್ಲುತ್ತ ಹೋಗುತ್ತಾರೆ. ಹಿಂದೆ ಇನ್ನೊಬ್ಬರು ‘ಸಲಾಂಬ್ರಿಗೋ’ ಎಂದು ಓಗೊಡುತ್ತ ನೀರು ಚಿಮುಕಿಸುತ್ತಾರೆ. ಅದಕ್ಕೆ ಚರಗ ಎಂದು ಹೆಸರು. ಹಕ್ಕಿ ತಿನ್ನಲಿ, ಇಲಿ ತಿನ್ನಲಿ, ಇರುವೆ ಹೊತ್ತೊಯ್ಯಲಿ, ಯಾರ ಪಾಲು ಎಷ್ಟು ಎಂದು ಕೇಳುವವರಿಲ್ಲ. ಅದೆಲ್ಲ ಮುಗಿದ ಮೇಲೆ ಮನುಷ್ಯರ ಊಟ. ಅಮೃತಮ್ಮನಿಗೆ ತನ್ನದೆಂಬ ಹೊಲ ಎಂದೂ ಇರಲಿಲ್ಲ, ಆದರೆ ಆ ದಿನ ಅದು ಅಡ್ಡಿಯೂ ಅಲ್ಲ. ಯಾವ ಹೊಲದ್ದು ಉಂಡಿದ್ದೀಯೋ ಆ ಹೊಲಕ್ಕೆ ನಿನ್ನ ಕೈಯದೂ ಒಂದು ತುತ್ತು, ಅಷ್ಟೇ ಲೆಕ್ಕ.

ಪ್ರತಿವರ್ಷ ಊರಿಗೆ ಹೋಗಿ ಮಾಡಿ ಬರುತ್ತಿದ್ದಳು. ಈ ವರ್ಷ ಆಗಲಿಲ್ಲ. ಗಂಡ ಭಗವಂತರಾಯ ಸೆಂಟ್ರಿಂಗ್ ಕೆಲಸದವನು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಹಳೆಯ ಬಂಗಲೆ ಕೆಡವಿ ಹೋಟೆಲು ಮಾಡುತ್ತಿದ್ದರು, ಹೊಸ ವರ್ಷಕ್ಕೆ ಬಾಗಿಲು ತೆರೆಯಬೇಕೆಂದು ಮೇಸ್ತ್ರಿ ಯಾರಿಗೂ ರಜೆ ಕೊಡಲಿಲ್ಲ. ಹಬ್ಬ ಬಿಟ್ಟುಹೋಗುತ್ತದಲ್ಲ ಎಂದು ಅಮೃತಮ್ಮನಿಗೆ ವಾರದಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆಗ ನೆನಪಾದದ್ದು ವಠಾರದ ಹಿಂದಿನ ಹತ್ತು ಗುಂಟೆ. ಕೆ.ಆರ್. ಪುರದ ತೂಗುಸೇತುವೆ ಆಗಿ ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ಸುತ್ತಲಿನ ರಾಗಿ ಹೊಲಗಳೆಲ್ಲ ಸೈಟುಗಳಾಗಿದ್ದವು. ಮುನಿನಾರಾಯಣಪ್ಪನವರ ನಾಲ್ಕು ಎಕರೆಯಲ್ಲಿ ಉಳಿದದ್ದು ಅಷ್ಟೇ. ಮೂರು ವರ್ಷದಿಂದ ಬಿತ್ತಿಲ್ಲ, ಆದರೂ ಸೊಪ್ಪು ತಾನಾಗಿ ಏಳುತ್ತಿತ್ತು. ಎರಡು ವರ್ಷ ಅಮೃತಮ್ಮನ ಮನೆಯ ಸಾರಿಗೆ ಆ ಸೊಪ್ಪೇ. ಅಣ್ಣೆ ಯಾವುದು, ಗಣಿಕೆ ಯಾವುದು ಎಂದು ತೋರಿಸಿಕೊಟ್ಟವಳು ಮುನಿನಾರಾಯಣಪ್ಪನ ತಾಯಿ ದೊಡ್ಡಮುನಿಯಮ್ಮ. ಹಾಗಿದ್ದ ಮೇಲೆ ಅವಳ ಮಟ್ಟಿಗೆ ಅದು ಉಂಡ ಹೊಲ.

ತಪ್ಪಿದ್ದು ಒಂದೇ ಕಡೆ. ಬೆಂಗಳೂರಿನ ಮಂದಿ ನೋಡಿ ನಕ್ಕಾರು ಎಂದು ನಾಚಿಕೊಂಡು, ನಡುಹಗಲಿನಲ್ಲಿ ಮಾಡಬೇಕಾದ್ದನ್ನು ಬೆಳಕು ಹರಿಯುವ ಮೊದಲೇ, ಮಂಜಿನಲ್ಲಿ ಮುಗಿಸಿಬಂದಳು. ಕೂಗಬೇಕಾದ್ದನ್ನು ಪಿಸುಗುಟ್ಟಿದಳು. ಹಿಂದೆ ಯಾರೂ ಇಲ್ಲದ್ದರಿಂದ ಎರಡೂ ಮಾತನ್ನು ತಾನೇ ಹೇಳಿಕೊಂಡಳು.

“ಬಾಯಿ ಮುಚ್ಕೊಂಡು ಕೂಡು,” ಎಂದಿದ್ದ ಭಗವಂತರಾಯ ಬೆಳಿಗ್ಗೆ ಬುತ್ತಿ ಕಟ್ಟಿಕೊಳ್ಳುವಾಗ. ಅವನ ಮುಖವೂ ಬಿಳಿಚಿತ್ತು. “ಗೊತ್ತಾದ್ರ ಈ ಹೊತ್ತೇ ಖೋಲಿ ಖಾಲಿ ಮಾಡು ಅಂತಾರ. ರೇವತಿ ಪರೀಕ್ಷಾ ನಡದಾವ. ಮತ್ತ ತಗಡಿನ ಶೆಡ್ಡಿಗೆ ಹೋಗೂದೇನು?”

ಶೆಡ್ಡು! ಕಟ್ಟಡ ಎದ್ದಂತೆಲ್ಲ ಜಾಗ ಬದಲಿಸುವ ತಗಡಿನ ಗೂಡಿನಲ್ಲಿ ನಾಲ್ಕು ವರ್ಷ ಕಳೆದವಳು ಅಮೃತಮ್ಮ. ಮಗಳು ರೇವತಿ ದೊಡ್ಡವಳಾಗುತ್ತಿದ್ದಳು, ಒಳಗಿನಿಂದ ಹಾಕಿಕೊಳ್ಳಲು ಚಿಲಕವಿರುವ ಬಾಗಿಲು ಬೇಕೆಂದು ಊರೆಲ್ಲ ಅಲೆದು ಹಿಡಿದ ಕೋಣೆ ಇದು. ಹೀಗಾಗಿ ಅವಳು ಬಾಯಿ ಮುಚ್ಚಿಕೊಂಡಿದ್ದಳು. ಗಂಡ ಕೆಲಸಕ್ಕೆ ಹೋದ, ಮಗಳು ಶಾಲೆಗೆ ಹೋದಳು, ಅವಳು ಗುಡಿಸುತ್ತಿದ್ದಳು.

ಹತ್ತು ಗಂಟೆಗೆ ಬೈಲಪ್ಪ ಬಂದ. ಮಾಟ ತೆಗೆಯುವುದರಲ್ಲಿ ಸುತ್ತಲ ಹತ್ತು ಊರಿಗೆ ಹೆಸರಾದ ಆಸಾಮಿ. ಚೀಲದ ತುಂಬ ನಿಂಬೆಹಣ್ಣು, ಮುಖದ ತುಂಬ ವಿಭೂತಿ. ಹೊಲವನ್ನು ದೂರದಿಂದಲೇ ನೋಡಿ, ಹತ್ತಿರ ಹೋಗುವ ಧೈರ್ಯ ಅವನಿಗೂ ಇರಲಿಲ್ಲವೆನ್ನಿ, ವಠಾರದ ತೆಂಗಿನ ಮರದ ಕೆಳಗೆ ಬಂದು ಕುಳಿತು ಕಣ್ಣು ಮುಚ್ಚಿದ.

“ಹೆಂಗಸಿನ ಕೈ,” ಎಂದ. “ರಕ್ತ ಸಂಬಂಧ. ಹೊಟ್ಟೆಕಿಚ್ಚು.”

ಸಾಕಲ್ಲ! ಮುನಿನಾರಾಯಣಪ್ಪನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಲಸೂರಿಗೆ ಮದುವೆ ಮಾಡಿಕೊಟ್ಟ ತಂಗಿ ಸುಕನ್ಯ ಹದಿನೈದು ದಿನದ ಹಿಂದೆ ಇದೇ ಅಂಗಳದಲ್ಲಿ ನಿಂತು, ಅಪ್ಪನ ಕೊನೇ ಹೊಲ ಮಾರಲು ತಾನು ಸೈನ್ ಹಾಕುವುದಿಲ್ಲ ಎಂದು ಜಗಳವಾಡಿ ಹೋಗಿದ್ದಳು. ಆಮೇಲೆ ಹಿರಿಯರು ಕೂತು, ಅತ್ತು ಕರೆದು, ಹೇಗೋ ಒಪ್ಪಿಸಿದ್ದರು. ಮುನಿನಾರಾಯಣಪ್ಪ ಮೊಬೈಲು ಕಿವಿಗಿಟ್ಟು ಅಂಗಳದ ಉದ್ದಕ್ಕೂ ನಡೆಯುತ್ತ ಕೂಗಾಡಿದ.

“ನಂ ಪಾಲಿಗೆ ನೀನು ಸತ್ತೆ ಅಂದ್ಕೊಂತೀನಿ! ತವ್ರು ಗಿವ್ರು ಅಂತ ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ!”

ಗೋಡೆಯ ಈಚೆಗೆ ಅಮೃತಮ್ಮನ ಕೈಯಲ್ಲಿನ ಪೊರಕೆ ನಿಂತಿತು. ಸುಕನ್ಯ ಬಂದಾಗಲೆಲ್ಲ ಕೋಣೆಯ ಬಾಗಿಲಲ್ಲಿ ನಿಂತು, ‘ಏನ್ ಸಾರು ಅಮೃತಮ್ಮ’ ಎಂದು ಕೇಳಿ ಹೋಗುವ ಹೆಂಗಸು. ನನ್ನ ಭಜ್ಜಿಗೆ ಅವಳ ತವರು ಹೋಯಿತಲ್ಲ ಶಿವನೇ, ಎಂದುಕೊಂಡಳು. ಈಗ ಹೊರಗೆ ಹೋಗಿ ಹೇಳಿಬಿಡಲೇ ಎಂದು ಬಾಗಿಲ ತನಕ ಹೋದಳು, ರೇವತಿ ಪುಸ್ತಕದ ಚೀಲ ತೂಗುಹಾಕುವ ಮೊಳೆ ಕಣ್ಣಿಗೆ ಬಿತ್ತು, ಹಿಂದಕ್ಕೆ ಬಂದಳು. ನೀರು ಕುಡಿದಳು. ಮತ್ತೆ ಬಾಗಿಲಿಗೆ ಹೋದಳು. ಹೀಗೆ ಎಷ್ಟು ಸಲವೋ.

ಹನ್ನೊಂದೂವರೆಗೆ ಗೇಟಿನ ಮುಂದೆ ಆಟೋ ನಿಂತಿತು. ಸುಕನ್ಯ ಅಡುಗೆಮನೆಯಿಂದ ಎದ್ದವಳು ಹಾಗೇ ಬಂದಿದ್ದಳು, ತಲೆ ಬಾಚಿರಲಿಲ್ಲ.

“ಗೇಟ್ ದಾಟ್ಬೇಡ,” ಎಂದ ಅಣ್ಣ.

“ನಾನ್ಯಾಕಣ್ಣ ಮಾಡ್ಲಿ? ಆ ಮಣ್ಣಾಗೆ ಅಪ್ಪನ ಬೆವ್ರೈತೆ. ಅದಕ್ಕೆ ಕೆಟ್ಟದ್ ಮಾಡೋಷ್ಟು ಪಾಪಿನಾ ನಾನು?”

“ಹಂಗಾದ್ರೆ ಅವ್ವನ ತಲೆ ಮುಟ್ಟಿ ಆಣೆ ಮಾಡು!”

ವಠಾರದ ಹೆಂಗಸರೆಲ್ಲ ಬಾಗಿಲಿಗೆ ಬಂದರು. ದೊಡ್ಡಮುನಿಯಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಸುಕನ್ಯ ಅಳುತ್ತ ಗೇಟು ತಳ್ಳಿ ಬಂದು, ಕೈಯನ್ನು ತಾಯಿಯ ತಲೆಯ ಕಡೆಗೆ ಚಾಚಿದಳು.

ಆ ಕೈ ಅರ್ಧ ದಾರಿಯಲ್ಲಿದ್ದಾಗ ಅಮೃತಮ್ಮನ ಕಾಲು ತಾವಾಗಿಯೇ ಹೊಸ್ತಿಲು ದಾಟಿದ್ದವು. ಪೊರಕೆ ಇನ್ನೂ ಕೈಯಲ್ಲೇ ಇತ್ತು.

“ಆಣಿ ಮಾಡ್ಬ್ಯಾಡ್ರಿ ಯವ್ವಾ! ನಾನೇ ಮಾಡೀನ್ರಿ. ಆ ಕಲ್ಲ ಇಟ್ಟಾಕಿ ನಾನೇ.”

ಅಂಗಳದಲ್ಲಿ ಒಂದೇ ಸಲಕ್ಕೆ ಎಲ್ಲರ ಬಾಯಿ. ಮುನಿನಾರಾಯಣಪ್ಪ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಮಗುಚಿ ಬಿತ್ತು. ಅಮೃತಮ್ಮ ಎಳ್ಳಮಾವಾಸ್ಯೆ ಎಂದಳು, ಪಾಂಡವರು ಎಂದಳು, ಭೂಮಿತಾಯಿಯ ಬಯಕೆ ಎಂದಳು. ಗಾಬರಿಯಲ್ಲಿ ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ. ಬೈಲಪ್ಪನಿಗಂತೂ ರಕ್ತ ಸಂಬಂಧ ಎಂದಾಗಿಬಿಟ್ಟಿತ್ತಲ್ಲ, ಒಪ್ಪುವುದು ಹೇಗೆ?

“ಇವಳಿಗೆ ಯಾರೋ ಹೇಳ್ಕೊಟ್ಟವ್ರೆ. ಮಾಟ ಮಾಡೋರು ಮೂರ್ನೆಯವ್ರ ಕೈಲೇ ಮಾಡ್ಸೋದು,” ಎಂದ.

“ಹೌದು ಮತ್ತೆ! ಇದೇ ಸುಕನ್ಯ ಇವಳ ಮನೆ ಬಾಗ್ಲಲ್ಲಿ ನಿಂತು ಗುಸುಗುಸು ಮಾಡೋದು ನಾನೇ ನೋಡಿಲ್ವಾ?” ಮುನಿನಾರಾಯಣಪ್ಪ ಅಮೃತಮ್ಮನ ಕಡೆ ಬೆರಳು ಮಾಡಿದ. “ಸಾಯಂಕಾಲದೊಳ್ಗೆ ರೂಮ್ ಖಾಲಿ ಮಾಡ್ಬೇಕು.”

ಅಂದೇಬಿಟ್ಟ. ಹೆದರಿದ್ದೂ ಅದಕ್ಕೇ, ಆದದ್ದೂ ಅದೇ. ವಿಚಿತ್ರವೆಂದರೆ ಬೆಳಗಿನಿಂದ ಕುದಿಯುತ್ತಿದ್ದ ಎದೆ ಆಗ ತುಸು ತಣ್ಣಗಾಯಿತು. ಅಳು ಮಾತ್ರ ಬಂತು.

“ಏಯ್ ಹುಡ್ಗಿ.” ದೊಡ್ಡಮುನಿಯಮ್ಮ ಮೊದಲ ಸಲ ಬಾಯಿ ಬಿಟ್ಟಳು. “ಏನೇನ್ ಹಾಕಿದ್ದೆ?”

“ಅನ್ನ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಭಜ್ಜಿರಿ.”

“ಭಜ್ಜಿಗೆ ಸೊಪ್ಪು?”

“ನಿಮ್ಮ ಹೊಲದ್ದೇರಿ ಅಜ್ಜಿ. ನೀವು ತೋರ್ಸಿದ್ದು.”

“ಮಿಕ್ಕೈತಾ?”

ಅಮೃತಮ್ಮ ಒಳಗೆ ಓಡಿ ಸ್ಟೀಲ್ ಡಬ್ಬಿ ತಂದಳು. ಮುಚ್ಚಳ ತೆಗೆಯುತ್ತಲೇ ಬೈಲಪ್ಪ, “ಅಮ್ಮಾ, ಮುಟ್ಬ್ಯಾಡಿ, ಜೀವಕ್ಕೇ ಬತ್ತದೆ!” ಎಂದು ಕೂಗಿದ. ಮುದುಕಿ ಅವನ ಕಡೆ ತಿರುಗಿಯೂ ನೋಡದೆ ಮೂರು ಬೆರಳಿನಲ್ಲಿ ಭಜ್ಜಿ ಎತ್ತಿ ಬಾಯಿಗಿಟ್ಟುಕೊಂಡಳು. ಹಲ್ಲಿಲ್ಲದ ಬಾಯಿ ನಿಧಾನವಾಗಿ ಆಡಿತು. ಎಲ್ಲರೂ ಅದನ್ನೇ ನೋಡುತ್ತ ನಿಂತರು.

“ಹುಳಿ ಒಸಿ ಜಾಸ್ತಿ ಆಗೈತೆ,” ಎಂದಳು.

ಇನ್ನೊಂದು ತುತ್ತು ತಿಂದಳು. ಆಮೇಲೆ ಮಗನನ್ನು ನೋಡಿದಳು.

“ಅರ್ವತ್ತು ವರ್ಷ ನಮ್ಗೆ ಉಣ್ಣಾಕಿಕ್ತು ಆ ಹೊಲ. ಮಾರೋವಾಗ ನೀನು ಟೇಪ್ ಹಿಡ್ಕೊಂಡ್ ಹೋದೆ, ಬ್ರೋಕರ್‌ನ ಕರ್ಕೊಂಡ್ ಹೋದೆ. ನಾನಾದ್ರೂ ಒಂದು ಹಿಡಿ ಅನ್ನ ಹಾಕಿ ಬಂದ್ನಾ? ಇಲ್ಲ. ಎಲ್ಲಿಂದ್ಲೋ ಬಂದು ಎರಡು ವರ್ಷ ಸೊಪ್ಪು ಕಿತ್ಕೊಂಡ್ ತಿಂದೋಳು ಹಾಕವ್ಳೆ. ಅದ್ನ ನೋಡಿ ನಿಂಗೆ ಮಾಟ ಅನ್ನಿಸ್ತು. ಇಕ್ಕಿದ್ದು ಯಾವ್ದು, ಕಿತ್ಕೊಂಡಿದ್ದು ಯಾವ್ದು ಅಂತ ತಿಳೀದಷ್ಟು ಆಗೋಯ್ತಾ ಮಗ್ನೆ?”

ಮುನಿನಾರಾಯಣಪ್ಪ ಮಗುಚಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಕೂರಲಿಲ್ಲ.

“ನಿಂದೂ ತಪ್ಪೈತೆ,” ಎಂದು ಮುದುಕಿ ಅಮೃತಮ್ಮನ ಕಡೆ ತಿರುಗಿದಳು. “ಉಣ್ಣಾಕ್ ಇಕ್ಕೋದನ್ನ ಕದ್ದು ಯಾಕೆ ಇಕ್ಕಿದೆ? ಕರ್ದು ಇಕ್ಕಬೇಕು.”

“ಕೂಗಬೇಕಿತ್ರಿ. ನಾಚ್ಕಿ ಆಯ್ತ್ರಿ ಅಜ್ಜಿ.”

“ಈಗ ಕೂಗು. ನಡಿ.”

ಮುದುಕಿ ಒಳಗಿನಿಂದ ಬಿಸಿ ರಾಗಿ ಮುದ್ದೆ, ಅವರೆಕಾಳು ಸಾರು ತರಿಸಿದಳು. ಮನೆಯವರು ಬೇಡವೆಂದರೂ ಕೋಲೂರಿಕೊಂಡು ತಾನೇ ಹೊರಟಳು. ಚೊಂಬು ನೀರನ್ನು ಸುಕನ್ಯಳ ಕೈಗೆ ಕೊಟ್ಟಳು. ಬೈಲಪ್ಪ ಯಾವ ಮಾಯದಲ್ಲಿ ನಿಂಬೆಹಣ್ಣಿನ ಚೀಲ ಎತ್ತಿಕೊಂಡು ಹೋದನೋ, ಯಾರೂ ಗಮನಿಸಲಿಲ್ಲ.

ಹೊಲದಲ್ಲಿ ಸುಣ್ಣದ ಐದು ಕಲ್ಲು ಬಿಸಿಲಿಗೆ ಬೆಳ್ಳಗೆ ಕೂತಿದ್ದವು. ಬೆಳಗಿನ ಅನ್ನದ ಸುತ್ತ ಆಗಲೇ ಇರುವೆ ಮುತ್ತಿದ್ದವು, ಎರಡು ಮೈನಾ ರೊಟ್ಟಿಯ ಚೂರಿಗೆ ಜಗಳವಾಡುತ್ತಿದ್ದವು. ಅಮೃತಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಮೊದಲ ತುತ್ತು ಚೆಲ್ಲಿ, ಎದೆ ಬಿರಿಯುವ ಹಾಗೆ ಕೂಗಿದಳು.

“ಹುಲ್ಲುಲ್ಲಿಗೋ!”

ಬೆಂಗಳೂರಿಗೆ ಬಂದ ಆರು ವರ್ಷದಲ್ಲಿ ಅವಳ ಗಂಟಲು ಅಷ್ಟು ದೊಡ್ಡದಾಗಿ ತೆರೆದಿರಲಿಲ್ಲ. ಆಚೆ ರಸ್ತೆಯಲ್ಲಿ ಬೈಕಿನವನೊಬ್ಬ ನಿಂತು ನೋಡಿದ. ನೋಡಲಿ ಬಿಡು, ಎನಿಸಿತು.

ಮುನಿನಾರಾಯಣಪ್ಪ ಬದುವಿನ ಮೇಲೆ ನಿಂತಿದ್ದ. ತಿಂಗಳಾನುಗಟ್ಟಲೆ ಅವನು ಚಪ್ಪಲಿ ಮೆಟ್ಟಿಕೊಂಡೇ ಅಳೆದ ನೆಲ ಅದು. ತುಸು ಹೊತ್ತು ಅತ್ತಿತ್ತ ನೋಡಿ, ಬಗ್ಗಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಅಮೃತಮ್ಮನ ಮುಂದೆ ಕೈ ಚಾಚಿದ.

“ಕೊಡಮ್ಮ ಇಲ್ಲಿ. ಏನಂತ ಕೂಗ್ಬೇಕು?”

ಅವಳು ತಟ್ಟೆ ಕೊಟ್ಟು, ಹೇಳಿಕೊಟ್ಟಳು. ಅವನು ಕೂಗಿದ. ಮೊದಲ ಸಲ ದನಿಯೇ ಹೊರಡಲಿಲ್ಲ, ಎರಡನೆಯ ಸಲ ಒಡೆದು ಹೊರಟಿತು. ಕೂಗಿ ನಿಂತ. ಹಿಂದಿನಿಂದ ಉತ್ತರ ಬರಬೇಕು. ಹಿಂದೆ ಚೊಂಬು ಹಿಡಿದವಳು ಸುಕನ್ಯ. ಬೆಳಿಗ್ಗೆಯಷ್ಟೇ ಅವನ ಪಾಲಿಗೆ ಸತ್ತವಳು. ಅವಳು ತುಟಿ ಬಿಗಿದು ನೆಲ ನೋಡುತ್ತಿದ್ದಳು. ಅಮೃತಮ್ಮನ ಬಾಯಿಗೆ ಆ ಮಾತು ಬಂದೇಬಿಟ್ಟಿತ್ತು, ಹಲ್ಲು ಕಚ್ಚಿ ತಡೆದುಕೊಂಡಳು. ಇದು ತಾನು ಹೇಳುವ ಮಾತಲ್ಲ.

ಮುನಿನಾರಾಯಣಪ್ಪ ಹಿಂದಿರುಗಿ ನೋಡದೆಯೇ, “ಸುಕ್ಕಿ,” ಎಂದ.

ಸುಕನ್ಯ ಮೂಗು ಒರೆಸಿಕೊಂಡು, ಚೊಂಬಿನಲ್ಲಿ ಕೈ ಅದ್ದಿ, ನೀರು ಚಿಮುಕಿಸಿದಳು.

“ಸಲಾಂಬ್ರಿಗೋ,” ಎಂದಳು.

ಅಣ್ಣ ಮುಂದೆ, ತಂಗಿ ಹಿಂದೆ ಹತ್ತು ಗುಂಟೆಯನ್ನು ಪೂರಾ ಸುತ್ತಿ ಬಂದರು. ಆಮೇಲೆ ಎಲ್ಲರೂ ಅಲ್ಲೇ ಕುಳಿತು ಒಂದೊಂದು ತುತ್ತು ತಿಂದರು. ಸೈನಿನ ಮಾತು, ರಿಜಿಸ್ಟ್ರೇಷನ್ನಿನ ಮಾತು ಯಾರೂ ಎತ್ತಲಿಲ್ಲ. ಅದು ನಿಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎದ್ದು ಹೊರಡುವಾಗ ಮುನಿನಾರಾಯಣಪ್ಪ ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲೇ ಹಿಡಿದುಕೊಂಡು ಅಮೃತಮ್ಮನ ಪಕ್ಕ ಬಂದ.

“ಮುಂದಿನ್ ವರ್ಷ ಮಾಡೋವಾಗ ಹೇಳ್ಬುಟ್ ಮಾಡಮ್ಮ,” ಎಂದ. “ನಾವೂ ಬತ್ತೀವಿ.”

ಮುಂದಿನ ವರ್ಷ ಅವಳು ಇಲ್ಲಿರುತ್ತಾಳೆ, ಹೊಲ ಇರುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಹೂನ್ರಿ,” ಎಂದಳು ಅಮೃತಮ್ಮ.